ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದೆ, ನನ್ನ ಡಿ ಡ್ರೈವ್ ಎಲ್ಲಿ?

ಪ್ರಶ್ನೆ: ವಿಂಡೋಸ್ ತೆಗೆದು ಉಬುಂಟು ಹಾಕಿಕೊಂಡಿದ್ದೇನೆ. ಇನ್‌ಸ್ಟಾಲ್ ಮಾಡುವಾಗ ಸಿ ಡ್ರೈವ್ ಮಾತ್ರ ಅಳಿಸಿದೆ, ಡಿ ಡ್ರೈವ್ ಮುಟ್ಟಲಿಲ್ಲ. ಮಕ್ಕಳ ಫೋಟೊಗಳೆಲ್ಲ ಅದರಲ್ಲಿವೆ. ಈಗ ಡಿ ಎಂಬುದೇ ಕಾಣುತ್ತಿಲ್ಲ. ಎಲ್ಲವೂ ಹೋಯಿತೇ?

ಉತ್ತರ: ಡಿ ಪಾರ್ಟಿಶನ್ ಅನ್ನು, ಅಂದರೆ ಡಿಸ್ಕ್‌ನ ಆ ಭಾಗವನ್ನು, ನಿಜಕ್ಕೂ ಮುಟ್ಟಿಲ್ಲವೆಂದರೆ ಫೋಟೊಗಳು ಇದ್ದಲ್ಲೇ ಇವೆ. ಸಿ, ಡಿ ಎನ್ನುವುದು ವಿಂಡೋಸ್ ಕೊಡುವ ಹೆಸರುಗಳು. ಅವು ಲಿನಕ್ಸ್‌ನಲ್ಲಿ ಇಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿ ಡ್ರೈವ್ ಅದರ ಲೇಬಲ್‌ನಿಂದ ಕಾಣಬಹುದು, ಲೇಬಲ್ ಇಲ್ಲದಿದ್ದರೆ ಬರೀ ಗಾತ್ರದಿಂದ. ಅದರ ಮೇಲೆ ಕ್ಲಿಕ್ ಮಾಡಿದಾಗಲೇ ಅದು ಮೌಂಟ್ ಆಗುತ್ತದೆ, ಅಂದರೆ ಒಂದು ಫೋಲ್ಡರ್ ಆಗಿ ತೆರೆದುಕೊಳ್ಳುತ್ತದೆ. ಅಲ್ಲಿ ಸಿಗದಿದ್ದರೆ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು, ಎನ್‌ಟಿಎಫ್‌ಎಸ್ ಎಂದು ಬರೆದಿರುವ ಪಾರ್ಟಿಶನ್ ಇದೆಯೇ ನೋಡಿ. ಎನ್‌ಟಿಎಫ್‌ಎಸ್ 1993ರಿಂದ ವಿಂಡೋಸ್ ಬಳಸುತ್ತಿರುವ ಫೈಲ್ ವ್ಯವಸ್ಥೆ. ಇಂದಿನ ಲಿನಕ್ಸ್ ಅದನ್ನು ಓದಲೂ ಬಲ್ಲದು, ಬರೆಯಲೂ ಬಲ್ಲದು.

ಕೆಲವೊಮ್ಮೆ ಪಾರ್ಟಿಶನ್ ಕಂಡರೂ ಮೌಂಟ್ ಆಗುವುದಿಲ್ಲ, ಅಥವಾ ಫೈಲು ತೆರೆಯುತ್ತದೆ ಆದರೆ ಹೊಸದಾಗಿ ಏನನ್ನೂ ಉಳಿಸಲು ಬಿಡುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಇದಕ್ಕೆ ಬಹುಮಟ್ಟಿಗೆ ಕಾರಣ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಪಾರ್ಟಿಶನ್‌ಗಳನ್ನು ಇನ್ನೂ ಬಳಕೆಯಲ್ಲಿರುವಂತೆಯೇ ಬಿಟ್ಟುಹೋಗುತ್ತದೆ. ಅದರ ಮೇಲೆ ಬರೆದರೆ ಕೆಡಬಹುದೆಂದು ಲಿನಕ್ಸ್ ಹಿಂಜರಿಯುತ್ತದೆ, ಅದು ಸರಿಯೇ. ವಿಂಡೋಸ್ ಇನ್ನೂ ಪಕ್ಕದಲ್ಲಿದ್ದರೆ ಪರಿಹಾರ ಸುಲಭ: ಅದಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ, ಅಥವಾ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ.

ನಿಮ್ಮಲ್ಲಿ ವಿಂಡೋಸೇ ಇಲ್ಲ. ಹಾಗಾಗಿ ಮೊದಲು ಪಾರ್ಟಿಶನ್ ಅನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಫೋಟೊಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಕೆಲವು ಫೋಟೊ ತೆರೆದು ನೋಡಿ, ಸರಿಯಾಗಿ ಬಂದಿವೆ ಎಂದು ಖಚಿತವಾದ ಮೇಲೆ ‘ಎನ್‌ಟಿಎಫ್‌ಎಸ್‌ಫಿಕ್ಸ್’ (ntfsfix) ಎಂಬ ಲಿನಕ್ಸ್ ಪ್ರೋಗ್ರಾಂ ಓಡಿಸಿ, ‘ಇನ್ನೂ ಬಳಕೆಯಲ್ಲಿದೆ’ ಎಂದು ವಿಂಡೋಸ್ ಬಿಟ್ಟುಹೋದ ಗುರುತನ್ನು ಅಳಿಸಬಹುದು. ಅನೇಕರು ಸಲಹೆ ಕೊಡುವಾಗ ನೇರವಾಗಿ ಎನ್‌ಟಿಎಫ್‌ಎಸ್‌ಫಿಕ್ಸ್ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಅದು ಸಣ್ಣಪುಟ್ಟ ದೋಷಗಳನ್ನಷ್ಟೇ ಸರಿಪಡಿಸುತ್ತದೆ, ವಿಂಡೋಸ್‌ನ ಡಿಸ್ಕ್ ತಪಾಸಣೆಗೆ ಸಮನಲ್ಲ. ನಕಲು ಕೈಗೆ ಬರುವ ಮುನ್ನ ಏನನ್ನೂ ರಿಪೇರಿ ಮಾಡಬೇಡಿ.

‘ಡಿಸ್ಕ್ಸ್’ನಲ್ಲಿ ಎನ್‌ಟಿಎಫ್‌ಎಸ್ ಬದಲು ಬಿಟ್‌ಲಾಕರ್ ಎಂದಿದ್ದರೆ ಕಥೆ ಬೇರೆ. ಅದು ಡ್ರೈವ್‌ನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ವಿಂಡೋಸ್ ಇದ್ದಾಗ ಡಿ ಡ್ರೈವ್ ತಾನಾಗಿ ತೆರೆಯುತ್ತಿತ್ತು ಎಂದರೆ, ಅದರ ಕೀಲಿಯನ್ನು ಸಿ ಡ್ರೈವ್ ಇಟ್ಟುಕೊಂಡಿತ್ತು ಎಂದರ್ಥ. ಸಿ ಹೋಯಿತು, ಕೀಲಿಯೂ ಅದರೊಂದಿಗೆ ಹೋಯಿತು. ಈಗ ನೀವು ಹಾಕಿದ ಪಾಸ್‌ವರ್ಡ್ ಇಲ್ಲವೇ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು, ಮೊದಲು ಅಲ್ಲಿ ಹುಡುಕಿ. ಸಿಕ್ಕರೆ ಲಿನಕ್ಸ್‌ನಲ್ಲೇ ತೆರೆಯಬಹುದು. ಎರಡೂ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದನ್ನು ಬಿಡಿಸಲಾರದು. ಹಣ ಕೇಳಿ ಬಿಡಿಸಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ.

ಪಾರ್ಟಿಶನ್ ಪಟ್ಟಿಯಲ್ಲೇ ಇಲ್ಲವೇ? ಇನ್‌ಸ್ಟಾಲ್ ಮಾಡುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದ್ದಿರಬಹುದು. ಹಾಗಿದ್ದರೆ ಆ ಕಂಪ್ಯೂಟರ್ ಅನ್ನು ಈಗಲೇ ಆಫ್ ಮಾಡಿ. ಬಳಸಿದಷ್ಟೂ ಹಳೆಯ ಫೋಟೊಗಳ ಮೇಲೆ ಹೊಸದು ಬರೆದುಹೋಗುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಳಿದದ್ದನ್ನು ಹುಡುಕಿ ತೆಗೆಯುವ ‘ಟೆಸ್ಟ್‌ಡಿಸ್ಕ್’ ಅಥವಾ ‘ಫೋಟೊರೆಕ್’ ಪ್ರೋಗ್ರಾಂ ಬಳಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೇ ಉಳಿಸಿ.

ಎಲ್ಲ ಸರಿಹೋಗಿ, ಡ್ರೈವ್ ಪ್ರತಿಸಲ ತಾನಾಗಿ ತೆರೆಯಬೇಕೆಂದರೆ ‘ಡಿಸ್ಕ್ಸ್’ನಲ್ಲಿ ಮೌಂಟ್ ಆಯ್ಕೆಗಳನ್ನು ಹೊಂದಿಸಬಹುದು. ಅಲ್ಲಿ ‘ನೋಫೇಲ್’ (nofail) ಎಂಬ ಪದ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಉಬುಂಟು ಬೂಟ್ ಆಗುವಾಗಲೇ ನಿಂತುಬಿಡಬಹುದು.