ಮೆಗಾಪಿಕ್ಸೆಲ್, ಮುದ್ರಣದ ಅಳತೆ ಮತ್ತು ನೋಡುವ ದೂರ

ಡಿಜಿಟಲ್ ಛಾಯಾಚಿತ್ರವು ಕಡತದ ರೂಪದಲ್ಲಿರುವವರೆಗೆ ಅದಕ್ಕೆ ಇಂಚಿನ ಅಳತೆ ಎಂಬುದೇ ಇರುವುದಿಲ್ಲ. ಇರುವುದು ಅಗಲಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು ಎಂಬ ಪಿಕ್ಸೆಲ್‌ಗಳ, ಅಂದರೆ ಚಿತ್ರವನ್ನು ರೂಪಿಸುವ ಪುಟ್ಟ ಬಿಂದುಗಳ ಎಣಿಕೆ ಮಾತ್ರ. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. 6000 × 4000 ಪಿಕ್ಸೆಲ್‌ಗಳ, ಅಂದರೆ 24 ಮೆಗಾಪಿಕ್ಸೆಲ್‌ನ ಚಿತ್ರವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದು 20 × 13.3 ಇಂಚಿನದಾಗುತ್ತದೆ, 150ರಂತೆ ಮುದ್ರಿಸಿದರೆ 40 × 26.7 ಇಂಚಿನದಾಗುತ್ತದೆ. ಕಡತದ ವಿವರದಲ್ಲಿ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಎಂದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದೊಂದು ಸೂಚನೆಯಷ್ಟೇ, ಅದನ್ನಷ್ಟೇ ತಿದ್ದಿದರೆ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ. ಇಂಕ್‌ಜೆಟ್ ಪ್ರಿಂಟರ್‌ಗಳ ಮೇಲೆ ಬರೆದಿರುವ 1440ರಂತಹ ಸಂಖ್ಯೆಗಳು ಶಾಯಿಯ ಚುಕ್ಕೆಗಳಿಗೆ ಸಂಬಂಧಿಸಿದವು, ಚಿತ್ರದ ಪಿಕ್ಸೆಲ್‌ಗಳಿಗಲ್ಲ.

ಮೆಗಾಪಿಕ್ಸೆಲ್ ಎಂಬುದು ವಿಸ್ತೀರ್ಣದ ಲೆಕ್ಕವಾದ್ದರಿಂದ, 12ರಿಂದ 24ಕ್ಕೆ ಏರಿದರೆ ಪ್ರಿಂಟಿನ ಅಗಲವೂ ಎತ್ತರವೂ ತಲಾ ಸುಮಾರು 1.4 ಪಟ್ಟು ಮಾತ್ರ ಹೆಚ್ಚುತ್ತವೆ. ಅವೆರಡೂ ದುಪ್ಪಟ್ಟಾಗಬೇಕಾದರೆ 48 ಮೆಗಾಪಿಕ್ಸೆಲ್ ಬೇಕು. ಜಾಹೀರಾತುಗಳು ಈ ಲೆಕ್ಕವನ್ನು ಹೇಳುವುದು ಅಪರೂಪ.

ಹಾಗಾದರೆ 300 ಎಂಬ ಸಂಖ್ಯೆ ಎಲ್ಲಿಯದು? ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದ ವಿವರವನ್ನು ಬೇರ್ಪಡಿಸಿ ಕಾಣಬಲ್ಲದು. ಪ್ರಿಂಟನ್ನು 25 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಆ ಕೋನವು ಸುಮಾರು 0.07 ಮಿಲಿಮೀಟರ್ ಆಗುತ್ತದೆ, ಎಂದರೆ ಇಂಚಿಗೆ ಸುಮಾರು 350 ಪಿಕ್ಸೆಲ್; ಒಂದು ಮೀಟರ್ ದೂರದಿಂದ ನೋಡಿದರೆ ಸುಮಾರು 90 ಪಿಕ್ಸೆಲ್ ಸಾಕು. ಆದ್ದರಿಂದ 300 ಎಂಬುದು ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಒಪ್ಪುವ ಅಳತೆಯೇ ಹೊರತು ಎಲ್ಲ ಪ್ರಿಂಟುಗಳಿಗೂ ಅನ್ವಯಿಸುವ ನಿಯಮವಲ್ಲ. ಗೋಡೆಯ ಮೇಲಿನ 40 ಇಂಚಿನ ಚಿತ್ರಕ್ಕೆ 150 ಧಾರಾಳವಾಗಿ ಸಾಕು, ನೋಡುವವರು ಮೂಗು ತಾಗಿಸಿ ನೋಡದಿದ್ದರೆ.

ಇಷ್ಟರಿಂದ ಗುಣಮಟ್ಟದ ಮಾತು ಮುಗಿಯುವುದಿಲ್ಲ, ಏಕೆಂದರೆ ಪಿಕ್ಸೆಲ್‌ಗಳ ಎಣಿಕೆ ವಿವರಗಳ ಗರಿಷ್ಠ ಮಿತಿಯನ್ನು ಹೇಳುತ್ತದೆಯೇ ವಿನಾ ಅಷ್ಟು ವಿವರ ಚಿತ್ರದಲ್ಲಿದೆ ಎಂದಲ್ಲ. ಫೋಕಸ್ ತಪ್ಪಿದ್ದರೆ, ಕೈ ಅಲುಗಿದ್ದರೆ, ಹೆಚ್ಚಿನ ಪಿಕ್ಸೆಲ್‌ಗಳು ಆ ಮಸುಕನ್ನೇ ಇನ್ನಷ್ಟು ನಿಖರವಾಗಿ ದಾಖಲಿಸುತ್ತವೆ. ಲೆನ್ಸ್‌ಗೂ ಮಿತಿಯಿದೆ: ಲೆನ್ಸ್‌ನ ಕಿಂಡಿಯನ್ನು ಎಫ್/16ರಷ್ಟು ಕಿರಿದಾಗಿಸಿದಾಗ ವಿವರ್ತನೆಯಿಂದಾಗಿ (ಕಿರಿದಾದ ಕಿಂಡಿಯಲ್ಲಿ ಹಾಯುವ ಬೆಳಕು ಹರಡುವುದರಿಂದ) ಹಸಿರು ಬೆಳಕಿನ ಒಂದು ಬಿಂದು ಸುಮಾರು 21 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲಕ್ಕೆ ಹರಡುತ್ತದೆ, ಆದರೆ 36 × 24 ಮಿಲಿಮೀಟರ್‌ನ ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ (ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಫಲಕದಲ್ಲಿ) 24 ಮೆಗಾಪಿಕ್ಸೆಲ್ ಇದ್ದಾಗ ಒಂದು ಪಿಕ್ಸೆಲ್‌ನ ಅಗಲ 6 ಮೈಕ್ರಾನ್ ಮಾತ್ರ; ಹಾಗಾಗಿ ಆ ಒಂದು ಬಿಂದು ಮೂರ್ನಾಲ್ಕು ಪಿಕ್ಸೆಲ್‌ಗಳ ಅಗಲಕ್ಕೆ ಮಸುಕಾಗುತ್ತದೆ. ಚಿಕ್ಕ ಸೆನ್ಸರ್ ಒಟ್ಟಾರೆ ಕಡಿಮೆ ಬೆಳಕನ್ನು ಸಂಗ್ರಹಿಸುವುದರಿಂದ ಮಂದ ಬೆಳಕಿನಲ್ಲಿ ನಾಯ್ಸ್ (ಚಿತ್ರದ ತುಂಬ ಹರಡುವ ಕಾಳುಕಾಳಿನಂತಹ ಚುಕ್ಕೆಗಳು) ಎದ್ದು ಕಾಣುತ್ತದೆ, ಪ್ರಿಂಟ್ ದೊಡ್ಡದಾದಂತೆ ಅದೂ ದೊಡ್ಡದಾಗುತ್ತದೆ. 48 ಮೆಗಾಪಿಕ್ಸೆಲ್‌ನ ಹಲವು ಫೋನ್‌ಗಳು ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್‌ನ ಚಿತ್ರ ಕೊಡುವುದು ಇದೇ ಕಾರಣಕ್ಕೆ.

ಕ್ರಾಪ್ ಮಾಡುವಾಗ, ಅಂದರೆ ಚಿತ್ರದ ಅಂಚುಗಳನ್ನು ಕತ್ತರಿಸುವಾಗ, ಆಗುವ ನಷ್ಟ ಬೇಗ ಗಮನಕ್ಕೆ ಬರುವುದಿಲ್ಲ. ಅಗಲ ಮತ್ತು ಎತ್ತರಗಳನ್ನು ಅರ್ಧಕ್ಕಿಳಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 6 ಮಾತ್ರ. 300ರ ಲೆಕ್ಕದಲ್ಲಿ ಅದು 10 × 6.7 ಇಂಚಿನ ಪ್ರಿಂಟ್. ಪೂರ್ಣ 24 ಮೆಗಾಪಿಕ್ಸೆಲ್ ಚಿತ್ರವನ್ನು 10 × 8 ಇಂಚಿನ ಅನುಪಾತಕ್ಕೆ ಹೊಂದಿಸಲು ಬದಿಗಳನ್ನು ಕತ್ತರಿಸಿದರೂ 4 ಮೆಗಾಪಿಕ್ಸೆಲ್ ಹೋಗುತ್ತದೆ. ಸಾಫ್ಟ್‌ವೇರ್‌ನಿಂದ ಚಿತ್ರವನ್ನು ಹಿಗ್ಗಿಸಬಹುದಾದರೂ ಹೊಸ ಪಿಕ್ಸೆಲ್‌ಗಳು ಊಹೆಯಿಂದ ತುಂಬಿದವು. ದೊಡ್ಡ ಪ್ರಿಂಟಿಗೆ ಮೊದಲು, ಅಂತಿಮ ಅಳತೆಗೆ ಹಿಗ್ಗಿಸಿದ ಕಡತದಿಂದ ಮುಖ್ಯ ವಿವರವಿರುವ ಒಂದು ತುಣುಕನ್ನಷ್ಟೇ ಮುದ್ರಿಸಿ, ಅದನ್ನು ತೂಗುಹಾಕುವ ದೂರದಿಂದಲೇ ನೋಡಿ ನಿರ್ಧರಿಸುವುದು ಲೆಕ್ಕಾಚಾರಕ್ಕಿಂತ ನಂಬಲರ್ಹವಾದ ಕ್ರಮ.