ಪದ ಪರಿಚಯ: ಆನ್‌ಲೈನ್ ಸಮುದಾಯ

ಫೇಸ್‌ಬುಕ್‌ನಲ್ಲಿ ಖಾತೆ ಇದೆ ಅಂದ ಮಾತ್ರಕ್ಕೆ ನೀವು ಒಂದು ಆನ್‌ಲೈನ್ ಸಮುದಾಯದಲ್ಲಿ ಇದ್ದೀರಿ ಎಂದಲ್ಲ. ಸಮುದಾಯ, ಸಾಮಾಜಿಕ ಜಾಲತಾಣ ಎರಡೂ ಒಂದೇ ಮೊಬೈಲಿನಲ್ಲಿ, ಎಷ್ಟೋ ಸಲ ಒಂದೇ ಆ್ಯಪ್‌ನಲ್ಲಿ ಇರುತ್ತವೆ. ಅದಕ್ಕೇ ಈ ಗೊಂದಲ.

ಜಾಲತಾಣದ ನಡುವೆ ಇರುವುದು ವ್ಯಕ್ತಿ. ನಿಮ್ಮ ಪ್ರೊಫೈಲ್, ನಿಮ್ಮ ಸ್ನೇಹಿತರ ಪಟ್ಟಿ, ಅವರ ಪಟ್ಟಿ ಹಿಡಿದು ಇನ್ನೊಬ್ಬರನ್ನು ತಲುಪುವ ದಾರಿ. 2007ರಲ್ಲಿ ಡಾನಾ ಬಾಯ್ಡ್ ಮತ್ತು ನಿಕೋಲ್ ಎಲಿಸನ್ ಎಂಬ ಸಂಶೋಧಕರು ಕೊಟ್ಟ ವಿವರಣೆಯಲ್ಲಿ ಇರುವುದೂ ಈ ಮೂರೇ. ಹಾಸನದ ಒಂದೇ ಮನೆಯಲ್ಲಿ ಅತ್ತಿಗೆ, ಮೈದುನ ಇಬ್ಬರೂ ಫೇಸ್‌ಬುಕ್ ತೆರೆದರೆ ಅತ್ತಿಗೆಗೆ ಬೇಲೂರಿನ ಮದುವೆ ಫೋಟೊ, ಮೈದುನನಿಗೆ ಕ್ರಿಕೆಟ್. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಬೇಕೆಂದಿಲ್ಲ.

ಸಮುದಾಯದ ನಡುವೆ ಇರುವುದು ವಿಷಯ. ಒಳಗಿರುವ ಎಲ್ಲರಿಗೂ ಒಂದೇ ಮಾತುಕತೆ ಕಾಣುತ್ತದೆ.

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ಮಾರ್ಚ್‌ನಲ್ಲಿ ನೋಡಬೇಕು. ಮಳೆ ಬಿದ್ದ ಮರುದಿನ ಬೆಳಿಗ್ಗೆಯಿಂದಲೇ ಲೆಕ್ಕ ಶುರು. "ನಮ್ಮಲ್ಲಿ 80 ಸೆಂಟ್ಸ್." "ನಮಗೆ ಬರೀ 15, ಧೂಳೂ ಅಡಗಿಲ್ಲ." ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ಹೂವು ಅರಳಲು ಇಷ್ಟು ಸಾಕಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತೀರ್ಮಾನ ಈ ಅಂಕಿಯ ಮೇಲೆ ನಿಂತಿದೆ. ಅರೆಬರೆ ಮಳೆ ಬಂದರೆ ಮೊಗ್ಗು ಕೆಡುತ್ತದೆ. ಯಾರೋ ಒಬ್ಬರು ಬಾಡಿದ ಅರೇಬಿಕಾ ಗಿಡದ ಫೋಟೊ ಹಾಕುತ್ತಾರೆ. "ಕಾಂಡಕೊರಕ ಹುಳ ಕಣಣ್ಣ, ಕಿತ್ತು ಸುಟ್ಟುಬಿಡಿ" ಎಂದು ಮುಖವನ್ನೇ ನೋಡಿರದ ಕಳಸದವರೊಬ್ಬರು ಹೇಳುತ್ತಾರೆ. ಇಲ್ಲಿ ಯಾರಿಗೆ ಎಷ್ಟು ಜನ ಸ್ನೇಹಿತರಿದ್ದಾರೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಹೇಳಿದ್ದು ತೋಟದಲ್ಲಿ ನಡೆಯುತ್ತಾ, ಅಷ್ಟೇ.

ಇದೇ ಗ್ರೂಪಿಗೆ ಯಾರಾದರೂ ರಾಜಕೀಯದ ಫಾರ್ವರ್ಡ್ ತಂದು ಹಾಕಿದರೆ "ಇದು ಇಲ್ಲಿ ಬೇಡ ಸರ್" ಎಂಬ ಉತ್ತರ ಬರುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದು. ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಏನು ಹಾಕಬೇಕು ಎಂದು ನೆಂಟರು ಹೇಳುವ ಹಾಗಿಲ್ಲ. (ಹೇಳುತ್ತಾರೆ, ಅದು ಬೇರೆ ಮಾತು.) ಸಮುದಾಯದಲ್ಲಿ ಹಾಗೆ ಹೇಳುವ ಹಕ್ಕು ಎಲ್ಲರಿಗೂ ಇದೆ. ಬರೆದಿಡದಿದ್ದರೂ ಒಂದು ಕಟ್ಟುಪಾಡು ಇರುತ್ತದೆ, ಅದನ್ನು ಕಾಯುವ ಅಡ್ಮಿನ್ ಇರುತ್ತಾರೆ.

ಸ್ನೇಹಿತರ ಪಟ್ಟಿಯೇ ಇಲ್ಲದೆಯೂ ಸಮುದಾಯ ನಡೆಯುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಹಾಗೇ ಬೆಳೆದದ್ದು. ಅಲ್ಲಿ ಜನರನ್ನು ಸೇರಿಸುವುದು ಲೇಖನಗಳು ಮತ್ತು ಅವುಗಳ ಚರ್ಚೆ ಪುಟಗಳು.

ಜಾಲತಾಣ, ಸಮುದಾಯ ಎರಡೂ ಒಂದೇ ಸೂರಿನಡಿ ಇದ್ದದ್ದು ಗೂಗಲ್‌ನ ಹಳೆಯ ತಾಣ ಆರ್ಕುಟ್‌ನಲ್ಲಿ. ಒಂದು ಕಡೆ ಸ್ನೇಹಿತರು, ಇನ್ನೊಂದು ಕಡೆ ಕಮ್ಯೂನಿಟಿಗಳು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಸ್ನೇಹಿತರನ್ನು ಫೇಸ್‌ಬುಕ್‌ನಲ್ಲಿ ಮತ್ತೆ ಹುಡುಕಿಕೊಳ್ಳಬಹುದಿತ್ತು. ಕಮ್ಯೂನಿಟಿಗಳ ಹಳೆಯ ಮಾತುಕತೆಯನ್ನು ಗೂಗಲ್ ಕೆಲವು ಕಾಲ ಓದಲು ಇಟ್ಟಿತ್ತು. ಓದಬಹುದಿತ್ತು, ಉತ್ತರ ಬರೆಯುವ ಹಾಗಿರಲಿಲ್ಲ.

ಹಾಗಂತ ಜಾಲತಾಣವನ್ನು ಕೀಳಾಗಿ ನೋಡಬೇಕಾಗಿಲ್ಲ. ರಕ್ತ ಬೇಕು, ಕೆಲಸ ಖಾಲಿ ಇದೆ ಅನ್ನುವಂಥ ಸುದ್ದಿ ದೂರ ಹೋಗುವುದು ಅಲ್ಲಿಯೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು: ಹೊಸ ಸುದ್ದಿ ಆಪ್ತರಿಗಿಂತ ಜಾಸ್ತಿ ಬರುವುದು ಮುಖಪರಿಚಯದವರಿಂದ. ಆದರೆ ಆಲೂರಿನ ರಸ್ತೆಗೆ ಕಾಡಾನೆ ಬಂದಿದ್ದರೆ ಆ ಸುದ್ದಿ ದೂರ ಹೋಗಿ ಪ್ರಯೋಜನವಿಲ್ಲ, ಅದೇ ರಸ್ತೆಯಲ್ಲಿ ಬರುವವರಿಗೆ ಈಗಲೇ ಗೊತ್ತಾಗಬೇಕು. ಫೇಸ್‌ಬುಕ್ ಮೂರು ದಿನದ ಹಿಂದಿನ ಆನೆ ವಿಡಿಯೊವನ್ನು ಲೈಕ್ ನೋಡಿ ಮೇಲೆ ತಂದಿಡಬಹುದು. ಆನೆ ಸುದ್ದಿಗೆಂದೇ ಊರವರು ಮಾಡಿಕೊಂಡ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಂದೇಶಗಳು ಬಂದ ಸಮಯದ ಕ್ರಮದಲ್ಲೇ ಇರುತ್ತವೆ.

ಗ್ರೂಪ್ ಎಂದು ಹೆಸರಿಟ್ಟದ್ದೆಲ್ಲ ಸಮುದಾಯವೂ ಅಲ್ಲ. ವಾಟ್ಸ್‌ಆ್ಯಪ್ 2022ರಲ್ಲಿ 'ಕಮ್ಯೂನಿಟಿ' ಎಂಬ ಸೌಲಭ್ಯವನ್ನೇ ತಂದಿತು. ಅದು ಹಲವು ಗ್ರೂಪುಗಳನ್ನು ಒಟ್ಟಿಗೆ ಕಟ್ಟುತ್ತದೆ, ಅಷ್ಟೇ. ಕೆಲವು ಗ್ರೂಪಿನ ಹೆಸರು ಮಾತ್ರ ಬೆಳೆಗಾರರ ಬಳಗ, ಒಳಗೆ ದಿನಾ ಶುಭೋದಯದ ಗುಲಾಬಿ ಹೂವು. ಅಂಥಲ್ಲಿ ಮಳೆ ಎಷ್ಟು ಬಂತು ಎಂದು ಕೇಳಿ ನೋಡಿ, ಉತ್ತರ ಬಂದರೆ ಇನ್ನೂ ಜೀವ ಇದೆ.