ವಿಕ್ರಮಾದಿತ್ಯರ ಗೋಜಲು: ಯಾರು ಯಾರೆಂದು ಗುರುತಿಸುವ ಬಗೆ

ಚಾಳುಕ್ಯರ ಶಾಸನಗಳಲ್ಲಿ ‘ಆರನೇ ವಿಕ್ರಮಾದಿತ್ಯ’ ಎಂದು ಬರೆದಿರುವುದಿಲ್ಲ. ಒಂದನೇ, ಇಮ್ಮಡಿ, ಐದನೇ, ಆರನೇ ಎಂಬ ಎಣಿಕೆ ಇತಿಹಾಸಕಾರರು ಅನುಕೂಲಕ್ಕೆ ಹಾಕಿಕೊಂಡದ್ದು. ಅಂಕಿಯನ್ನಷ್ಟೇ ಉರು ಹೊಡೆದರೆ ಪರೀಕ್ಷೆಯಲ್ಲಿ ಅದಲುಬದಲಾಗುವುದು ಖಂಡಿತ. ರಾಜಧಾನಿ ಯಾವುದು, ಎದುರಾಳಿ ಯಾರು, ಕಾಲ ಹೇಗೆ ಹೇಳಿದೆ, ಈ ಮೂರನ್ನು ನೋಡಿ.

ಎಣಿಕೆ ಬಾದಾಮಿಯಲ್ಲಿ ಶುರುವಾಗಿ ಕಲ್ಯಾಣದಲ್ಲಿ ಮುಗಿಯುತ್ತದೆ. ಮೊದಲ ಇಬ್ಬರು ಬಾದಾಮಿಯವರು; ಐದು ಮತ್ತು ಆರು ಕಲ್ಯಾಣದವರು. ನಡುವಿನ ಮೂರು, ನಾಲ್ಕು ಎಲ್ಲಿ ಹೋದರು? ಸುಮಾರು 753ರಿಂದ 973ರವರೆಗೆ ದಖ್ಖನ್ನಿನಲ್ಲಿ ರಾಷ್ಟ್ರಕೂಟರ ಕಾಲ. ಆ ಅವಧಿಯ ವಂಶಾವಳಿಯಲ್ಲಿ ಹೆಸರಿರುವ ಇಬ್ಬರಿಗೆ ಈ ಅಂಕಿಗಳು ಸಂದಿವೆ, ಅವರು ಚಕ್ರವರ್ತಿಗಳಲ್ಲ. ನಾಲ್ಕನೆಯವನು ಕಲ್ಯಾಣದ ಮನೆತನವನ್ನು ಎತ್ತಿ ನಿಲ್ಲಿಸಿದ ಇಮ್ಮಡಿ ತೈಲಪನ ತಂದೆ. ಇಷ್ಟು ಗೊತ್ತಿದ್ದರೆ ಸಾಕು.

ಬಾದಾಮಿಯ ಇಬ್ಬರಿಗೂ ಎದುರಾಳಿಗಳು ಪಲ್ಲವರೇ, ಅದಕ್ಕೇ ಗೊಂದಲ. ಒಂದನೆಯವನು (655–680) ಇಮ್ಮಡಿ ಪುಲಕೇಶಿಯ ಮಗ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು, ಅಂದರೆ ವಾತಾಪಿಯನ್ನು, ಹಿಡಿದು ‘ವಾತಾಪಿಕೊಂಡ’ ಎನಿಸಿಕೊಂಡಿದ್ದ. ಕಳೆದುಕೊಂಡ ರಾಜಧಾನಿಯನ್ನು ಮರಳಿ ಪಡೆದವನು ಈತ. ಇಮ್ಮಡಿಯವನು (733–744) ಅವನ ಮರಿಮಗ, ಕಂಚಿಯನ್ನು ಗೆದ್ದವನು. ‘ಬಾದಾಮಿ ಬಿಡಿಸಿದ್ದು ಮುತ್ತಜ್ಜ, ಕಂಚಿ ಹೊಕ್ಕಿದ್ದು ಮರಿಮಗ’ ಎಂದು ನೆನಪಿಡಿ.

ಇಮ್ಮಡಿಯವನ ಬಗ್ಗೆ ಕಲ್ಲಿನ ಸಾಕ್ಷಿ ಚೆನ್ನಾಗಿದೆ. ಗೆದ್ದ ಊರನ್ನು ಅವನು ಹಾಳು ಮಾಡಲಿಲ್ಲ. ರಾಜಸಿಂಹೇಶ್ವರದ, ಅಂದರೆ ಈಗಿನ ಕೈಲಾಸನಾಥ ದೇಗುಲದ, ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದ. ಆ ಮಾತು ಅದೇ ದೇಗುಲದ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿದೆ. ಸೋತವರ ರಾಜಧಾನಿಯಲ್ಲಿ ಗೆದ್ದವನ ಭಾಷೆ! ಇತ್ತ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ. ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು ತ್ರೈಲೋಕ್ಯೇಶ್ವರ, ಇಂದಿನ ಮಲ್ಲಿಕಾರ್ಜುನ. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಜೋಡಿಯಾಗಿ ಬರೆದುಕೊಳ್ಳಿ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ತಪ್ಪುವುದು ಇಲ್ಲೇ. ಇದೇ ಕಾಲದಲ್ಲಿ ಗುಜರಾತಿನಲ್ಲಿ ಅರಬರನ್ನು ತಡೆದ ಪುಲಕೇಶಿ ಇಮ್ಮಡಿ ಪುಲಕೇಶಿಯಲ್ಲ, ಚಾಳುಕ್ಯರ ಅಲ್ಲಿನ ಶಾಖೆಯ ಅವನಿಜನಾಶ್ರಯ ಪುಲಕೇಶಿ. ಹೆಸರಿನ ಕಾಟ ಒಂದು ಕಡೆಗೇ ಮುಗಿಯುವುದಿಲ್ಲ.

ಕಲ್ಯಾಣದ ಐದನೆಯವನು (1008–1015) ಪಠ್ಯದಲ್ಲಿ ಒಂದು ಸಾಲು. ಆದರೆ ಅವನಿಗೂ ‘ತ್ರಿಭುವನಮಲ್ಲ’ ಬಿರುದಿದೆ, ಆರನೆಯವನಿಗೂ ಇದೆ. ‘ಆಹವಮಲ್ಲ’ವೂ ಹಾಗೆಯೇ, ತೈಲಪನಿಗೂ ಒಂದನೇ ಸೋಮೇಶ್ವರನಿಗೂ ಸಲ್ಲುತ್ತದೆ. ಬಿರುದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಆರನೆಯವನು (1076–1126) ಅಣ್ಣ ಇಮ್ಮಡಿ ಸೋಮೇಶ್ವರನನ್ನು ಪಟ್ಟದಿಂದ ಇಳಿಸಿ ಬಂದವನು. ದಕ್ಷಿಣದಲ್ಲಿ ಈಗ ಎದುರಾಳಿ ಪಲ್ಲವರಲ್ಲ, ಚೋಳರು. ಕಾಶ್ಮೀರದ ಕವಿ ಬಿಲ್ಹಣ, ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದ ವಿಜ್ಞಾನೇಶ್ವರ ಇಬ್ಬರೂ ಇವನ ಆಸ್ಥಾನದವರು. ಇವರಲ್ಲಿ ಒಬ್ಬರ ಹೆಸರು ಕಂಡರೆ ಕಣ್ಣು ಮುಚ್ಚಿ ‘ಆರು’ ಎನ್ನಬಹುದು.

ಅವನು ಪಟ್ಟಕ್ಕೆ ಬಂದಾಗ ಶಕವರ್ಷದ ಬದಲು ತನ್ನದೇ ಚಾಳುಕ್ಯ ವಿಕ್ರಮ ವರ್ಷವನ್ನು ಶುರು ಮಾಡಿದ. ಮೊದಲ ವರ್ಷ ನಳ ಸಂವತ್ಸರ, 1076–77. ಲೆಕ್ಕ ಸುಲಭ: ಶಾಸನದ ವರ್ಷಕ್ಕೆ 1075 ಕೂಡಿಸಿ. 37ನೇ ವರ್ಷವೆಂದರೆ 1112. ಇಟಗಿಯ ಮಹಾದೇವ ದೇಗುಲದ ಕಾಲ. ಸಾಮಾನ್ಯವಾಗಿ ಆಗುವ ತಪ್ಪು 1076 ಕೂಡಿಸುವುದು, ಉತ್ತರ ಒಂದು ವರ್ಷ ಮುಂದೆ ಹೋಗುತ್ತದೆ. ಮೊದಲ ವರ್ಷ ಸೊನ್ನೆಯಲ್ಲ, ಒಂದು. ವರ್ಷ ಚೈತ್ರಕ್ಕೆ ಶುರುವಾಗುವುದರಿಂದ ಮಾಘ, ಫಾಲ್ಗುಣದ ತಿಥಿಯಿದ್ದರೆ ಇನ್ನೊಂದು ಕೂಡಿಸಿ. ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ: ನಳ ಅರವತ್ತರಲ್ಲಿ ಐವತ್ತನೆಯದು, ಅಲ್ಲಿಂದ ಮೂವತ್ತಾರು ಮುಂದೆ ಎಣಿಸಿದರೆ ಇಪ್ಪತ್ತಾರನೆಯ ನಂದನ. 37ನೇ ವರ್ಷಕ್ಕೆ ನಂದನವಿದ್ದರೆ ಲೆಕ್ಕ ಸರಿ.

ಇದಕ್ಕೂ ಉತ್ತರ ಭಾರತದ ವಿಕ್ರಮ ಸಂವತ್ತಿಗೂ ಸಂಬಂಧವಿಲ್ಲ. ಅದು ಕ್ರಿ.ಪೂ. 57ರಿಂದ ಎಣಿಸುವುದು, ಅದರಲ್ಲಿ 57 ಕಳೆಯಬೇಕು. ಅರವತ್ತು ಸಂವತ್ಸರಗಳಲ್ಲಿ ಹದಿನಾಲ್ಕನೆಯದರ ಹೆಸರೂ ವಿಕ್ರಮವೇ, 2000–01 ಅಂಥ ವರ್ಷ. ‘ವಿಕ್ರಮ’ ಎಂಬ ಪದ ಕಂಡ ಕೂಡಲೇ ಕೂಡಿಸಬೇಕೋ ಕಳೆಯಬೇಕೋ ಎಂದು ನಿಲ್ಲಿ. ಹಿಂದೆ ‘ಚಾಳುಕ್ಯ’ ಇದೆಯೇ, ಮುಂದೆ ‘ಸಂವತ್ಸರ’ ಇದೆಯೇ ನೋಡಿ.

ಚಾಳುಕ್ಯರಲ್ಲದ ವಿಕ್ರಮಾದಿತ್ಯರೂ ಇದ್ದಾರೆ. ಗುಪ್ತರ ಇಮ್ಮಡಿ ಚಂದ್ರಗುಪ್ತನಿಗೆ ವಿಕ್ರಮಾದಿತ್ಯ ಎಂಬುದು ಹೆಸರಲ್ಲ, ಬಿರುದು. ಪಶ್ಚಿಮ ಭಾರತವನ್ನು ಆಳುತ್ತಿದ್ದ ಶಕ ಕ್ಷತ್ರಪರನ್ನು ಸೋಲಿಸಿದ ಅವನು ಕ್ರಿ.ಶ. ನಾಲ್ಕನೇ ಶತಮಾನದ ಕೊನೆಯವನು, ಆದ್ದರಿಂದ ವಿಕ್ರಮ ಸಂವತ್ತಿನ ಆರಂಭ ಅವನದಾಗಲಾರದು. 1556ರಲ್ಲಿ ದೆಹಲಿಯಲ್ಲಿ ಅದೇ ಬಿರುದು ಧರಿಸಿದ ಹೇಮು ಒಂದೇ ತಿಂಗಳಲ್ಲಿ, ನವೆಂಬರ್ 5ರಂದು, ಪಾಣಿಪತ್ತಿನಲ್ಲಿ ಅಕ್ಬರನ ಸೇನೆಗೆ ಸೋತ.